ಸಹಾಯ ಬೇಕು: ನಾಯಿ ಇಳಿದ ಪೂಲ್‌ನಲ್ಲಿ ಮಗಳು ಆಡಿದಾಳೆ

ಎಲ್ರಿಗೂ ನಮಸ್ಕಾರ. ಮೊನ್ನೆ ಭಾನುವಾರ ಮೂಡಿಗೆರೆ ಹತ್ರ ಒಂದು ಹೋಮ್‌ಸ್ಟೇಗೆ ಹೋಗಿದ್ವಿ, ಮಗಳು ಪೂಲ್‌ಗೆ ಇಳಿದು ಹತ್ತು ನಿಮಿಷನೂ ಆಗಿರ್ಲಿಲ್ಲ, ಬೇರೆ ಗೆಸ್ಟ್ ಒಬ್ರು ಅವ್ರ ಲ್ಯಾಬ್ರಡಾರನ್ನ ಅದೇ ನೀರಿಗೆ ಬಿಟ್ರು, ತೋಟ ಎಲ್ಲಾ ಸುತ್ತಿ ಬಂದ ನಾಯಿ, ಕಾಲ್ತುಂಬಾ ಕೆಸರು, ಸ್ವಲ್ಪ ಹೊತ್ತಿಗೇ ನೀರಲ್ಲಿ ಕೂದಲು ತೇಲ್ತಿತ್ತು, ಇವ್ಳು ಒಂದೆರಡು ಗುಟುಕು ಕುಡಿದೂ ಇದಾಳೆ. ಕ್ಲೋರಿನ್ ಎಷ್ಟಿದೆ ಅಂತ ಕೇಳಿದ್ರೆ ಅಲ್ಲಿ ನೋಡ್ಕೊಳ್ಳೋ ಹುಡುಗಂಗೆ ಗೊತ್ತಿಲ್ಲ.

ನಾಯಿ ಮೇಲೆ ಕೋಪ ಇಲ್ಲ, ನಮ್ಮನೇಲೂ ಎರಡಿವೆ. ಆದ್ರೆ ಇಲಿಜ್ವರ ನಾಯಿ ಉಚ್ಚೆಯಿಂದ್ಲೂ ಹರಡುತ್ತೆ, ನಮ್ಮ ಮಲೆನಾಡಿಗೆ ಅದೇನು ಹೊಸದಲ್ಲ. ಕ್ಲೋರಿನ್ ಸರಿಯಾಗಿದ್ರೆ ಆ ರೋಗಾಣು ಸಾಯುತ್ತೆ ನಿಜ, ಆದ್ರೆ ಮಣ್ಣು, ಕೂದಲು, ಉಚ್ಚೆ ಸೇರಿದಷ್ಟೂ ಕ್ಲೋರಿನ್ ಖರ್ಚಾಗ್ತಾ ಹೋಗುತ್ತೆ. ಇನ್ನು ಭೇದಿ ತರೋ ಜಿಯಾರ್ಡಿಯಾ ಅಂತೂ ಸರಿಯಾಗಿ ಕ್ಲೋರಿನ್ ಹಾಕಿದ ನೀರಲ್ಲೂ ಸುಮಾರು 45 ನಿಮಿಷ ಬದುಕಿರುತ್ತೆ.

ಮಗಳು ಈಗ ಚೆನ್ನಾಗೇ ಇದಾಳೆ, ಮೊಣಕಾಲಲ್ಲಿ ತರಚಿದ ಗಾಯ ಇತ್ತು, ಅದೇ ನಂಗೆ ಚಿಂತೆ. ಇಲಿಜ್ವರ ಕಾಣಿಸ್ಕೊಳ್ಳೋಕೆ 2ರಿಂದ 30 ದಿನ ಆಗ್ಬಹುದು. ಈಗ್ಲೇ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಲಾ, ಜ್ವರ ಬರ್ತಾ ಅಂತ ನೋಡ್ಕೊಂಡು ಇರ್ಲಾ? ಗ್ರೂಪಲ್ಲಿ ಮಕ್ಕಳ ಡಾಕ್ಟರ್ ಇದ್ರೆ ದಯವಿಟ್ಟು ಹೇಳಿ. ಹಾಗೇ ಪೂಲ್ ನೀರಿನ ಕ್ಲೋರಿನ್ ನೋಡೋ ಟೆಸ್ಟ್ ಸ್ಟ್ರಿಪ್ ಚಿಕ್ಕಮಗಳೂರಲ್ಲೋ ಹಾಸನದಲ್ಲೋ ಎಲ್ಲಿ ಸಿಗುತ್ತೆ, ಇನ್ಮೇಲೆ ಎಲ್ಲಿಗೆ ಹೋದ್ರೂ ಬ್ಯಾಗಲ್ಲಿ ಇಟ್ಕೊಂಡೇ ಹೋಗ್ತೀನಿ.