ಉಪ್ಪು ಅರ್ಧಕ್ಕೆ ಇಳಿಸಿದರೂ ರಕ್ತದೊತ್ತಡ ಇಳಿಯುತ್ತಿಲ್ಲ: ಸೋಡಿಯಂ ಎಲ್ಲಿಂದ ಬರುತ್ತಿರಬಹುದು?

ಪ್ರಶ್ನೆ — ತಿಳಿಯಬಯಸುವವ

ನನಗೆ ಐವತ್ತೆರಡು ವರ್ಷ. ಕೆಲವು ತಿಂಗಳುಗಳಿಂದ ನನ್ನ ರಕ್ತದೊತ್ತಡದ ಮೇಲಿನ ಅಂಕಿ 140ರಿಂದ 146ರ ನಡುವೆ, ಕೆಳಗಿನ ಅಂಕಿ 90ರ ಆಸುಪಾಸಿನಲ್ಲಿ ನಿಂತಿದೆ. ವೈದ್ಯರು ತಕ್ಷಣ ಮಾತ್ರೆ ಆರಂಭಿಸದೆ, ಮೊದಲು ಉಪ್ಪು ಕಡಿಮೆ ಮಾಡಿ, ತೂಕದ ಕಡೆ ಗಮನ ಕೊಡಿ, ಮೂರು ತಿಂಗಳ ನಂತರ ಮತ್ತೆ ನೋಡೋಣ ಎಂದು ಹೇಳಿ ಕಳುಹಿಸಿದ್ದಾರೆ. ಅದರಂತೆ ಊಟದ ಮೇಜಿನಿಂದ ಉಪ್ಪಿನ ಡಬ್ಬಿಯನ್ನು ತೆಗೆದಿರಿಸಿದ್ದೇನೆ; ಅಡುಗೆಗೆ ಹಾಕುವ ಉಪ್ಪನ್ನೂ ಅರ್ಧಕ್ಕೆ ಇಳಿಸಿದ್ದೇವೆ. ಮನೆಯವರು ಸಪ್ಪೆ ಊಟದ ಬಗ್ಗೆ ಗೊಣಗುತ್ತಿದ್ದಾರೆಯೇ ಹೊರತು ಯಂತ್ರ ತೋರಿಸುವ ಅಂಕಿಗಳು ಕದಲಿಲ್ಲ.

ನನ್ನ ಆಹಾರ ಹೀಗಿದೆ: ಬೆಳಿಗ್ಗೆ ಬ್ರೆಡ್ ಮತ್ತು ಚೀಸ್, ಕೆಲಸದ ದಿನಗಳಲ್ಲಿ ಮಧ್ಯಾಹ್ನ ಪೊಟ್ಟಣದ ಸೂಪ್ ಅಥವಾ ನೂಡಲ್ಸ್, ರಾತ್ರಿ ಮನೆಯ ಅಡುಗೆ. ದಿನಕ್ಕೆ ನಿಖರವಾಗಿ ಎಷ್ಟು ಉಪ್ಪು ಸಾಕು? ಸಾಮಾನ್ಯ ಉಪ್ಪಿನ ಬದಲು ಕಲ್ಲುಪ್ಪನ್ನೋ, ಅಂಗಡಿಗಳಲ್ಲಿ ಸಿಗುವ ‘ಕಡಿಮೆ ಸೋಡಿಯಂ’ ಉಪ್ಪನ್ನೋ ಬಳಸಿದರೆ ಪ್ರಯೋಜನವಿದೆಯೇ? ಉಪ್ಪನ್ನು ತೀರಾ ಕಡಿಮೆ ಮಾಡಿದರೂ ಅಪಾಯ ಎಂದು ಕೆಲವರು ಹೇಳುತ್ತಾರೆ. ಅದು ಎಷ್ಟರ ಮಟ್ಟಿಗೆ ನಿಜ? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ — ಪಥ್ಯಾಹಾರ ಸಲಹೆಗಾರ್ತಿ

ನಿಮ್ಮ ಪ್ರಶ್ನೆಯ ಎರಡನೆಯ ಭಾಗದಲ್ಲಿಯೇ ಮೊದಲನೆಯ ಭಾಗಕ್ಕೆ ಉತ್ತರವಿದೆ. ನೀವು ಕಡಿಮೆ ಮಾಡಿರುವುದು ರಾತ್ರಿಯ ಒಂದು ಊಟದ ಉಪ್ಪನ್ನು ಮಾತ್ರ. ಬೆಳಗಿನ ಮತ್ತು ಮಧ್ಯಾಹ್ನದ ಆಹಾರದ ಉಪ್ಪನ್ನು ಕಾರ್ಖಾನೆಯಲ್ಲಿ ಬೇರೆ ಯಾರೋ ಮೊದಲೇ ಹಾಕಿಟ್ಟಿದ್ದಾರೆ.

ಲೆಕ್ಕ ಹೀಗಿದೆ. ಅಡುಗೆ ಉಪ್ಪಿನ ತೂಕದಲ್ಲಿ ಸುಮಾರು ಶೇ. 40ರಷ್ಟು ಸೋಡಿಯಂ, ಉಳಿದದ್ದು ಕ್ಲೋರೈಡ್. ಆದ್ದರಿಂದ ಸೋಡಿಯಂನ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ವಯಸ್ಕರು ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪುಡಿ ಉಪ್ಪಿನಲ್ಲಿ ಅದು ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಜಗತ್ತಿನಲ್ಲಿ ಜನರು ಸರಾಸರಿ ಅದರ ಎರಡರಷ್ಟು ಸೇವಿಸುತ್ತಿದ್ದಾರೆಂದು ಅದೇ ಸಂಸ್ಥೆ ಅಂದಾಜಿಸಿದೆ. ಈ ಐದು ಗ್ರಾಂ ಎನ್ನುವುದು ಅಡುಗೆಗೆ ಹಾಕುವ ಉಪ್ಪಿನ ಮಿತಿಯಲ್ಲ, ಎಲ್ಲ ಮೂಲಗಳಿಂದ ಬರುವ ಉಪ್ಪಿನ ಒಟ್ಟು ಮಿತಿ. ಇದನ್ನು ಬಹಳಷ್ಟು ಮಂದಿ ಗಮನಿಸುವುದಿಲ್ಲ.

ನಿಮ್ಮ ಸೂಪಿನ ಪೊಟ್ಟಣವನ್ನೇ ತಿರುಗಿಸಿ ನೋಡಿ. ಅದರ ಮೇಲೆ 100 ಮಿಲಿಲೀಟರಿಗೆ 340 ಮಿಲಿಗ್ರಾಂ ಸೋಡಿಯಂ ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಓದುವಾಗ ಅದು ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಆದರೆ ಯಾರೂ ನೂರು ಮಿಲಿಲೀಟರ್ ಸೂಪ್ ಕುಡಿದು ಏಳುವುದಿಲ್ಲ. ಮುನ್ನೂರು ಮಿಲಿಲೀಟರಿನ ಒಂದು ಬಟ್ಟಲಿಗೆ 1,020 ಮಿಲಿಗ್ರಾಂ ಆಯಿತು. ಇಡೀ ದಿನದ ಮಿತಿಯ ಅರ್ಧಭಾಗ ಅಲ್ಲಿಗೇ ಮುಗಿಯಿತು. ನೂಡಲ್ಸಿನ ಒಂದು ಪೊಟ್ಟಣ 1,000 ಮಿಲಿಗ್ರಾಂ ದಾಟುವುದು ಅಪರೂಪವೇನಲ್ಲ. ಬ್ರೆಡ್ ನಾಲಿಗೆಗೆ ಉಪ್ಪೆನಿಸುವುದಿಲ್ಲವಾದರೂ ಸಾಮಾನ್ಯವಾಗಿ ನೂರು ಗ್ರಾಂ ಬ್ರೆಡ್ಡಿನಲ್ಲಿ ಒಂದು ಗ್ರಾಂನಷ್ಟು ಉಪ್ಪಿರುತ್ತದೆ. ಅದರ ಮೇಲೆ ಸಂಸ್ಕರಿಸಿದ ಚೀಸನ್ನು ಇಟ್ಟರೆ ಬೆಳಗಿನ ಲೆಕ್ಕವೂ ಬೆಳೆಯುತ್ತದೆ.

ಪೊಟ್ಟಣದ ಮುಂಭಾಗದಲ್ಲಿರುವ ಘೋಷಣೆಗಳಿಗಿಂತ ಹಿಂಭಾಗದ ಕೋಷ್ಟಕವನ್ನು ನಂಬುವುದು ಒಳ್ಳೆಯದು. ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗದ ಪ್ರಕಾರ ನೂರು ಗ್ರಾಂ ಆಹಾರದಲ್ಲಿ 120 ಮಿಲಿಗ್ರಾಂ ಮೀರದ ಸೋಡಿಯಂ ಇದ್ದರೆ ಮಾತ್ರ ಅದನ್ನು ‘ಕಡಿಮೆ ಸೋಡಿಯಂ’ ಎನ್ನಬಹುದು. ‘ಉಪ್ಪು ಇಳಿಸಲಾಗಿದೆ’ ಎಂಬ ಮಾತಿನ ಅರ್ಥವೇ ಬೇರೆ: ಅದೇ ಬಗೆಯ ಇನ್ನೊಂದು ಪದಾರ್ಥಕ್ಕಿಂತ ಕಡಿಮೆ ಇದೆ ಎಂದಷ್ಟೇ ಅದು ಹೇಳುತ್ತದೆ. ಆ ಇನ್ನೊಂದರಲ್ಲಿ ವಿಪರೀತ ಉಪ್ಪಿದ್ದರೆ ಇದರಲ್ಲಿಯೂ ಸಾಕಷ್ಟು ಇದ್ದೇ ಇರುತ್ತದೆ.

ಕಲ್ಲುಪ್ಪು, ಸಮುದ್ರದ ಉಪ್ಪು, ಗುಲಾಬಿ ಬಣ್ಣದ ಉಪ್ಪು ಇವೆಲ್ಲವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಹರಳು ದಪ್ಪವಾಗಿರುವುದರಿಂದ ಒಂದು ಚಮಚದಲ್ಲಿ ಕಡಿಮೆ ಹಿಡಿಯುತ್ತದೆ ಎಂಬುದನ್ನು ಬಿಟ್ಟರೆ, ತೂಕಕ್ಕೆ ತೂಕ ಇಟ್ಟು ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅವುಗಳಲ್ಲಿ ಹಲವಕ್ಕೆ ಅಯೋಡಿನ್ ಸೇರಿಸಿರುವುದಿಲ್ಲ ಎಂಬುದು ಮಾತ್ರ ಯೋಚಿಸಬೇಕಾದ ವಿಷಯ. ಉಪ್ಪನ್ನು ಕಡಿಮೆ ಮಾಡುವವರು ಬಳಸುವ ಆ ಸ್ವಲ್ಪ ಉಪ್ಪಾದರೂ ಅಯೋಡಿನ್‌ಯುಕ್ತವಾಗಿರಲಿ.

ಉತ್ತರ — ಒಲೆಯ ಮುಂದೆ

ಅಂಕಿ ಅಂಶಗಳನ್ನು ಮೇಲಿನವರು ಹೇಳಿರುವುದರಿಂದ ನಾನು ರುಚಿಯ ವಿಷಯವನ್ನಷ್ಟೇ ಹೇಳುತ್ತೇನೆ. ಒಂದೇ ದಿನದಲ್ಲಿ ಅಡುಗೆಯ ಉಪ್ಪನ್ನು ಅರ್ಧ ಮಾಡಿದರೆ ಮನೆಯವರು ಗೊಣಗುವುದು ಸಹಜ. ನಾಲಿಗೆ ಹೊಸ ಮಟ್ಟಕ್ಕೆ ಒಗ್ಗಿಕೊಳ್ಳಲು ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಕಾಲಾವಕಾಶ ಬೇಕು. ಒಗ್ಗಿದ ಮೇಲೆ ಮೊದಲಿನ ಊಟವೇ ಅತಿ ಉಪ್ಪೆನಿಸುತ್ತದೆ. ಯಾರಿಗೂ ಸುದ್ದಿ ಕೊಡದೆ, ಪ್ರತಿ ವಾರವೂ ಚಿಟಿಕೆಯಷ್ಟು ಇಳಿಸುತ್ತಾ ಹೋಗುವುದೇ ಮೇಲು. ಸಪ್ಪೆಯೆಂದು ದೂರುವವರಲ್ಲಿ ಅರ್ಧದಷ್ಟು ಮಂದಿ ದೂರುವುದು ನಾವು ಮೊದಲೇ ಸಾರಿ ಹೇಳಿದ್ದರಿಂದ ಎಂಬುದು ನನ್ನ ಗುಮಾನಿ.

ಕುದಿಯುವಾಗ ಹಾಕಿದ ಉಪ್ಪು ಪದಾರ್ಥದ ಒಳಕ್ಕೆಲ್ಲ ಹರಡಿಹೋಗುತ್ತದೆ. ಇಳಿಸಿದ ಮೇಲೆ ಮೇಲ್ಮೈಗೆ ಉದುರಿಸಿದ ಉಪ್ಪು ನೇರವಾಗಿ ನಾಲಿಗೆಗೆ ತಗಲುತ್ತದೆ. ಆದ್ದರಿಂದ ಹುರಿದ ಅಥವಾ ಬೇಯಿಸಿದ ತರಕಾರಿಗಳಿಗೆ ಕೊನೆಯಲ್ಲಿ ಉಪ್ಪು ಹಾಕಿದರೆ ಕಡಿಮೆಯಲ್ಲೇ ಸಾಕಾಗುತ್ತದೆ. ನಿಂಬೆರಸದ ಹುಳಿ, ಚೆನ್ನಾಗಿ ಕೆಂಪಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಳುಮೆಣಸು, ಟೊಮೆಟೊ, ಅಣಬೆ ಇವೆಲ್ಲ ಉಪ್ಪಿನ ಕೊರತೆಯನ್ನು ಸಾಕಷ್ಟು ಮುಚ್ಚುತ್ತವೆ. ಡಬ್ಬಿಯಲ್ಲಿ ಬರುವ ಬೇಯಿಸಿದ ಕಾಳುಗಳ ನೀರನ್ನು ಬಸಿದು, ಕಾಳನ್ನು ನಲ್ಲಿಯ ಕೆಳಗೆ ತೊಳೆದುಕೊಂಡರೆ ಅದರ ಸೋಡಿಯಂ ಸುಮಾರು ಶೇ. 40ರಷ್ಟು ಇಳಿಯುತ್ತದೆ. ನೂಡಲ್ಸನ್ನು ಬಿಡಲೇ ಆಗದಿದ್ದರೆ ಅದರೊಂದಿಗೆ ಬರುವ ಮಸಾಲೆ ಪೊಟ್ಟಣದ ಅರ್ಧವನ್ನು ಮಾತ್ರ ಬಳಸಿ, ಉಳಿದ ನೀರನ್ನು ಕುಡಿಯಬೇಡಿ.

ಉಪ್ಪೆಂದು ಕಾಣದ ಇನ್ನೊಂದು ಮೂಲ ಅಡುಗೆ ಸೋಡಾ. ಅದರ ಒಂದು ಟೀ ಚಮಚದಲ್ಲಿ 1,200 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಇದೆ. ಬೇಕರಿಯ ಸಿಹಿ ತಿನಿಸುಗಳಲ್ಲಿ ಸೋಡಿಯಂ ಹೇಗೆ ಬಂತು ಎಂದು ಆಶ್ಚರ್ಯಪಡುವವರಿಗೆ ಉತ್ತರದ ಒಂದು ಭಾಗ ಇದೇ.

ಉತ್ತರ — ಔಷಧ ವಿತರಕ

ಔಷಧದಂಗಡಿಯಲ್ಲಿ ಕುಳಿತು ಕೆಲಸ ಮಾಡುವವನಾದ್ದರಿಂದ, ‘ಕಡಿಮೆ ಸೋಡಿಯಂ’ ಉಪ್ಪಿನ ಬಗ್ಗೆ ಕೇಳಿದ ಪ್ರಶ್ನೆಗೆ ನಾನು ಉತ್ತರಿಸುವುದು ಸೂಕ್ತವೆನಿಸುತ್ತದೆ. ಈ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲನ್ನು ತೆಗೆದು ಆ ಜಾಗದಲ್ಲಿ ಪೊಟ್ಯಾಸಿಯಂ ಕ್ಲೋರೈಡನ್ನು ಸೇರಿಸಿರುತ್ತಾರೆ. ಪ್ರಯೋಜನಕ್ಕೆ ಒಳ್ಳೆಯ ಪುರಾವೆಯಿದೆ. ಚೀನಾದ 600 ಹಳ್ಳಿಗಳಲ್ಲಿ, ಹಿಂದೆ ಪಾರ್ಶ್ವವಾಯುವಿಗೆ ತುತ್ತಾಗಿದ್ದ ಅಥವಾ ವಯಸ್ಸಾದ, ಅಧಿಕ ರಕ್ತದೊತ್ತಡವಿದ್ದ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡ್ ಮತ್ತು ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯುವಿನ ಪ್ರಮಾಣ ಶೇ. 14ರಷ್ಟು ಕಡಿಮೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ 2025ರ ಜನವರಿಯಲ್ಲಿ ಮನೆಬಳಕೆಗೆ ಇಂಥ ಉಪ್ಪನ್ನು ಸೂಚಿಸಿದೆ. ಆದರೆ ಆ ಸೂಚನೆ ಗರ್ಭಿಣಿಯರಿಗೆ, ಮಕ್ಕಳಿಗೆ ಮತ್ತು ಮೂತ್ರಪಿಂಡದ ತೊಂದರೆಯಿರುವವರಿಗೆ ಅನ್ವಯಿಸುವುದಿಲ್ಲ.

ಈ ಕೊನೆಯ ವಾಕ್ಯವನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೊರಹಾಕುವ ಕೆಲಸ ಮೂತ್ರಪಿಂಡಗಳದು. ಅವು ದುರ್ಬಲವಾಗಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಹೃದಯದ ಬಡಿತದ ಲಯವೇ ತಪ್ಪಬಹುದು. ಅದಕ್ಕೆ ಮೊದಲು ಯಾವ ಲಕ್ಷಣವೂ ಕಾಣದಿರುವ ಸಾಧ್ಯತೆಯೂ ಇದೆ. ರಕ್ತದೊತ್ತಡಕ್ಕೆ ಕೊಡುವ ಎನಾಲಾಪ್ರಿಲ್, ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಮುಂತಾದವು ತಾವೇ ಪೊಟ್ಯಾಸಿಯಂ ಅನ್ನು ದೇಹದಲ್ಲಿ ಉಳಿಸುವ ಔಷಧಗಳು. ನೀವು ಇನ್ನೂ ಮಾತ್ರೆ ಆರಂಭಿಸಿಲ್ಲ ನಿಜ, ಆದರೆ ಮೂರು ತಿಂಗಳ ನಂತರ ಆರಂಭಿಸಬೇಕಾಗಬಹುದು. ಮನೆಯಲ್ಲಿ ಅದೇ ಅಡುಗೆಯನ್ನು ಉಣ್ಣುವ ಹಿರಿಯರು ಈಗಾಗಲೇ ತೆಗೆದುಕೊಳ್ಳುತ್ತಿರಬಹುದು. ಕ್ರಿಯಾಟಿನಿನ್ (ಮೂತ್ರಪಿಂಡಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿವೆ ಎಂಬುದರ ಸೂಚಕ) ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿದ ನಂತರವೇ ಆ ಉಪ್ಪನ್ನು ಮನೆಗೆ ತನ್ನಿ.

ಇನ್ನೊಂದು ವಿಷಯವನ್ನು ನಮ್ಮ ಗಿರಾಕಿಗಳಲ್ಲಿ ಯಾರೂ ಕೇಳುವುದಿಲ್ಲ, ನಾನಾಗಿಯೇ ಹೇಳಬೇಕಾಗುತ್ತದೆ. ನೀರಿಗೆ ಹಾಕಿದಾಗ ಬುರುಗುಟ್ಟಿ ಕರಗುವ ನೋವಿನ ಮಾತ್ರೆಗಳಲ್ಲಿ ಸೋಡಿಯಂ ಬೈಕಾರ್ಬೊನೇಟ್ ಇರುವುದರಿಂದ ಕೆಲವು ಬಗೆಗಳ ಒಂದೊಂದು ಮಾತ್ರೆಯಲ್ಲಿಯೂ 400 ಮಿಲಿಗ್ರಾಂನಷ್ಟು ಸೋಡಿಯಂ ಇರುತ್ತದೆ. ತಲೆನೋವಿಗೆಂದು ದಿನಕ್ಕೆ ಐದಾರು ಮಾತ್ರೆ ಕುಡಿಯುವವರು ಊಟದಲ್ಲಿ ಉಪ್ಪು ಬಿಟ್ಟೂ ಫಲವಿಲ್ಲ. ಎದೆಯುರಿಗೆ ತೆಗೆದುಕೊಳ್ಳುವ ಕೆಲವು ಪುಡಿಗಳದೂ ಇದೇ ಕಥೆ.

ತೀರಾ ಕಡಿಮೆಯಾದರೆ ಅಪಾಯವೇ ಎಂದು ಕೇಳಿದ್ದೀರಿ. ಆರೋಗ್ಯವಂತ ಮೂತ್ರಪಿಂಡವಿರುವ ವ್ಯಕ್ತಿ ಐದು ಗ್ರಾಂ ಮಿತಿಗೆ ಇಳಿದರೆ ಅಪಾಯವಿಲ್ಲ. ಆದರೆ ಥಯಜೈಡ್ ಗುಂಪಿನ ಮೂತ್ರವರ್ಧಕ ತೆಗೆದುಕೊಳ್ಳುವ ವೃದ್ಧರಲ್ಲಿ ರಕ್ತದ ಸೋಡಿಯಂ ಕುಸಿದು ಗೊಂದಲ, ವಾಕರಿಕೆ, ನಡೆಯುವಾಗ ತೂರಾಟ ಕಾಣಿಸಿಕೊಳ್ಳುವುದುಂಟು. ಕೆಲವು ಮಾನಸಿಕ ಕಾಯಿಲೆಗಳಿಗೆ ಕೊಡುವ ಲಿಥಿಯಂ ಔಷಧವನ್ನು ಸೇವಿಸುವವರು ಒಮ್ಮೆಲೇ ಉಪ್ಪು ಬಿಟ್ಟರೆ ಲಿಥಿಯಂ ದೇಹದಲ್ಲಿ ಉಳಿದು ವಿಷದ ಮಟ್ಟಕ್ಕೆ ಏರಬಹುದು. ಇವರಿಬ್ಬರೂ ವೈದ್ಯರಿಗೆ ತಿಳಿಸದೆ ಆಹಾರದ ಉಪ್ಪನ್ನು ಬದಲಿಸಬಾರದು.

ಉತ್ತರ — ಸಂದೇಹಿ

ಎಲ್ಲರೂ ಒಂದೇ ದನಿಯಲ್ಲಿ ಮಾತನಾಡುತ್ತಿರುವುದರಿಂದ ಕೇಳುತ್ತಿದ್ದೇನೆ. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಪ್ಯೂರ್ ಅಧ್ಯಯನ 2014ರಲ್ಲಿ ಪ್ರಕಟವಾದಾಗ, ದಿನಕ್ಕೆ 3ರಿಂದ 6 ಗ್ರಾಂ ಸೋಡಿಯಂ (ಅಂದರೆ ಏಳೂವರೆಯಿಂದ 15 ಗ್ರಾಂ ಉಪ್ಪು) ಸೇವಿಸುವವರಲ್ಲಿಯೇ ಸಾವು ಮತ್ತು ಹೃದಯ-ರಕ್ತನಾಳದ ಕಾಯಿಲೆಗಳ ಅಪಾಯ ಅತಿ ಕಡಿಮೆ, ಅದಕ್ಕಿಂತ ಕಡಿಮೆ ಸೇವಿಸುವವರಲ್ಲಿ ಮತ್ತೆ ಹೆಚ್ಚು ಎಂದು ಕಂಡುಬಂದಿತ್ತಲ್ಲವೇ? ಹೃದಯ ವೈಫಲ್ಯದ ರೋಗಿಗಳ ಮೇಲೆ 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 1,500 ಮಿಲಿಗ್ರಾಂಗಿಂತ ಕೆಳಕ್ಕೆ ಇಳಿಸುವ ಗುರಿಯಿಟ್ಟುಕೊಂಡರೂ ಸಾವು ಅಥವಾ ಆಸ್ಪತ್ರೆ ಸೇರುವಿಕೆ ಗಣನೀಯವಾಗಿ ಇಳಿಯಲಿಲ್ಲ. ಹಾಗಿರುವಾಗ ಎಲ್ಲರಿಗೂ ಐದು ಗ್ರಾಂ ಎಂದು ವಿಧಿಸುವುದು ಎಷ್ಟು ಸರಿ?

ಉತ್ತರ — ಪಥ್ಯಾಹಾರ ಸಲಹೆಗಾರ್ತಿ

ನೀವು ಹೇಳಿದ ಎರಡೂ ಅಧ್ಯಯನಗಳು ನಿಜ, ಎರಡನ್ನೂ ಬದಿಗಿಡಲಾಗದು. ಪ್ಯೂರ್ ಅಧ್ಯಯನದಲ್ಲಿ ಪ್ರತಿಯೊಬ್ಬರ ಸೋಡಿಯಂ ಸೇವನೆಯನ್ನು ಬೆಳಗಿನ ಒಂದು ಮೂತ್ರದ ಮಾದರಿಯಿಂದ ಸೂತ್ರ ಬಳಸಿ ಅಂದಾಜಿಸಲಾಗಿತ್ತು; ಈ ವಿಧಾನ ವ್ಯಕ್ತಿಯ ನಿಜವಾದ ಸೇವನೆಯನ್ನು ಅಳೆಯಲು ಸಾಲದೆಂಬುದು ಅದರ ಮೇಲಿನ ಮುಖ್ಯ ಆಕ್ಷೇಪ. ಅಲ್ಲದೆ, ಈಗಾಗಲೇ ಕಾಯಿಲೆ ಬಿದ್ದವರು ಊಟವನ್ನೇ ಕಡಿಮೆ ಮಾಡಿರುತ್ತಾರೆ. ಆಗ ಕಡಿಮೆ ಉಪ್ಪು ಕಾಯಿಲೆಯ ಕಾರಣವಾಗಿರದೆ ಅದರ ಪರಿಣಾಮವಾಗಿರಬಹುದು. ಆದರೂ 2,000 ಮಿಲಿಗ್ರಾಂಗಿಂತ ಬಹಳ ಕೆಳಗೆ ಎಲ್ಲರನ್ನೂ ತಳ್ಳಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೃದಯ ವೈಫಲ್ಯದ ರೋಗಿಯ ಪಥ್ಯವನ್ನು ಅವರ ವೈದ್ಯರೇ ನಿರ್ಧರಿಸಲಿ.

ಇಲ್ಲಿ ಪ್ರಶ್ನೆ ಕೇಳಿದವರ ಸ್ಥಿತಿ ಬೇರೆ. ಅವರ ಅಂಕಿ 140 ದಾಟಿದೆ, ವಯಸ್ಸು ಐವತ್ತು ಮೀರಿದೆ. 2001ರಲ್ಲಿ ಪ್ರಕಟವಾದ ಡ್ಯಾಶ್-ಸೋಡಿಯಂ ಪ್ರಯೋಗದಲ್ಲಿ ಆಹಾರವನ್ನು ಸಂಶೋಧಕರೇ ಸಿದ್ಧಪಡಿಸಿ ಕೊಟ್ಟು ಸೋಡಿಯಂ ಅನ್ನು ಮೂರು ಮಟ್ಟಗಳಲ್ಲಿ ಬದಲಿಸಿದಾಗ, ಮಟ್ಟ ಇಳಿದಂತೆಲ್ಲ ರಕ್ತದೊತ್ತಡವೂ ಇಳಿಯಿತು. ಐವತ್ತರಿಂದ ಎಪ್ಪತ್ತೈದು ವರ್ಷದ 213 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಅಧಿಕ ಸೋಡಿಯಂ ಆಹಾರಕ್ಕೆ ಹೋಲಿಸಿದರೆ ಕಡಿಮೆ ಸೋಡಿಯಂ ಆಹಾರದಲ್ಲಿ ಒಂದೇ ವಾರಕ್ಕೆ ಮೇಲಿನ ಅಂಕಿ ಸರಾಸರಿ 8ರಷ್ಟು ಕಡಿಮೆಯಿತ್ತು. ಎಲ್ಲರಲ್ಲೂ ಇಳಿಯಲಿಲ್ಲ, ಆದರೆ ಬಹುಪಾಲು ಜನರಲ್ಲಿ ಇಳಿಯಿತು. ಪರಿಣಾಮ ಇಷ್ಟು ಬೇಗ ಕಾಣುವುದಾದರೆ, ಇವರ ಅಂಕಿ ಕದಲದಿರುವುದಕ್ಕೆ ಹೆಚ್ಚು ಸಂಭಾವ್ಯವಾದ ಕಾರಣ ಸೋಡಿಯಂ ನಿಜಕ್ಕೂ ಇಳಿಯದೇ ಇರುವುದು.

ಮರುಪ್ರಶ್ನೆ — ತಿಳಿಯಬಯಸುವವ

ಎಲ್ಲರಿಗೂ ಧನ್ಯವಾದಗಳು. ಸೂಪಿನ ಪೊಟ್ಟಣವನ್ನು ನೋಡಿದೆ. ತಾವು ಊಹಿಸಿ ಬರೆದದ್ದಕ್ಕಿಂತಲೂ ಅದರ ಅಂಕಿ ಹೆಚ್ಚೇ ಇದೆ. ನನ್ನ ತಾಯಿ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಪೊಟ್ಯಾಸಿಯಂ ಉಪ್ಪಿನ ಯೋಚನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ನಾನು ಒಟ್ಟಾರೆ ಎಷ್ಟು ಸೋಡಿಯಂ ಸೇವಿಸುತ್ತಿದ್ದೇನೆಂದು ತಿಳಿಯಲು ಪರೀಕ್ಷೆ ಏನಾದರೂ ಇದೆಯೇ? ರಕ್ತದ ಸೋಡಿಯಂ ವರದಿಯಲ್ಲಿ ಎಲ್ಲವೂ ಸರಿಯಾಗಿದೆ ಎಂದಿದೆ.

ಉತ್ತರ — ಔಷಧ ವಿತರಕ

ರಕ್ತದ ಸೋಡಿಯಂ ಇದನ್ನು ಹೇಳುವುದಿಲ್ಲ. ನೀವು ಎಷ್ಟೇ ಉಪ್ಪು ತಿಂದರೂ ಬಾಯಾರಿಕೆ ಮತ್ತು ಮೂತ್ರಪಿಂಡಗಳು ಸೇರಿ ರಕ್ತದಲ್ಲಿನ ಅದರ ಸಾಂದ್ರತೆಯನ್ನು ಸಮವಾಗಿಯೇ ಇಡುತ್ತವೆ. ಜೊತೆಗೆ ಉಳಿಯುವ ನೀರು ರಕ್ತದ ಪ್ರಮಾಣವನ್ನು ಹೆಚ್ಚಿಸುತ್ತದೆ, ಒತ್ತಡ ಏರುವುದಕ್ಕೆ ಅದೂ ಒಂದು ಕಾರಣ. ನಿಮಗೆ ಬೇಕಾದದ್ದು 24 ಗಂಟೆಗಳ ಮೂತ್ರದ ಸೋಡಿಯಂ ಪರೀಕ್ಷೆ. ತಿಂದ ಸೋಡಿಯಂನ ಸುಮಾರು ಶೇ. 90 ಭಾಗ ಮೂತ್ರದಲ್ಲಿ ಹೊರಹೋಗುವುದರಿಂದ ಅದೇ ಹತ್ತಿರದ ಅಳತೆ. ಬೆಳಿಗ್ಗೆ ಎದ್ದ ಕೂಡಲೇ ಬರುವ ಮೊದಲ ಮೂತ್ರವನ್ನು ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ ಎಲ್ಲವನ್ನೂ ಪ್ರಯೋಗಾಲಯ ಕೊಟ್ಟ ಕ್ಯಾನಿನಲ್ಲಿ ಸಂಗ್ರಹಿಸಬೇಕು. ನಡುವೆ ಒಂದು ಸಲ ತಪ್ಪಿದರೂ ಲೆಕ್ಕ ಕೆಡುತ್ತದೆ. ವರದಿ ಮಿಲಿಮೋಲ್‌ನಲ್ಲಿ ಬಂದರೆ 23ರಿಂದ ಗುಣಿಸಿ: 150 ಎಂದಿದ್ದರೆ 3,450 ಮಿಲಿಗ್ರಾಂ ಸೋಡಿಯಂ, ಅಂದರೆ ಎಂಟೂವರೆ ಗ್ರಾಂಗೂ ಹೆಚ್ಚು ಉಪ್ಪು.

ಸೇವನೆ ದಿನದಿಂದ ದಿನಕ್ಕೆ ಏರುಪೇರಾಗುವುದರಿಂದ ಒಂದೇ ಪರೀಕ್ಷೆಯನ್ನು ಅಂತಿಮವೆಂದು ತಿಳಿಯಬೇಡಿ. ಪರೀಕ್ಷೆಯ ದಿನವೆಂದು ವಿಶೇಷವಾಗಿ ಪಥ್ಯ ಮಾಡದೆ, ಕೆಲಸದ ದಿನವೊಂದನ್ನು ಆರಿಸಿಕೊಂಡು ಎಂದಿನಂತೆಯೇ ಊಟ ಮಾಡಿ. ಆ ದಿನ ತಿಂದ ಪೊಟ್ಟಣಗಳ ಹಿಂಭಾಗದ ಚಿತ್ರಗಳನ್ನು ಫೋನಿನಲ್ಲಿ ತೆಗೆದಿಟ್ಟುಕೊಂಡು, ವರದಿಯೊಂದಿಗೆ ವೈದ್ಯರಿಗೆ ತೋರಿಸಿ.