‘ಸಿಹಿಮೂತ್ರ’ ರೋಗದ ಹೆಸರೋ, ಮಾತ್ರೆಯ ಕೆಲಸವೋ?

ಮಾನ್ಯರೇ,

ಸಕ್ಕರೆ ಕಾಯಿಲೆಯವರಿಗಾಗಿ ಔಷಧ ಮಾಹಿತಿಯ ಪುಟ್ಟ ಕೈಪಿಡಿಯೊಂದನ್ನು ಬರೆಯುತ್ತಾ ಎರಡು ಪದಗಳ ಬಳಿ ತಡೆದು ನಿಂತಿದ್ದೇನೆ.

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸನ್ನು ಸೋಸಿ, ಆರೋಗ್ಯವಂತರಲ್ಲಿ ಹೆಚ್ಚುಕಡಿಮೆ ಅಷ್ಟನ್ನೂ ರಕ್ತಕ್ಕೆ ಮರಳಿಸುತ್ತವೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಮಾತ್ರೆಗಳು ಈ ಮರಳಿಸುವ ಕೆಲಸವನ್ನು ತಡೆಯುವುದರಿಂದ, ಸಕ್ಕರೆಯ ಒಂದು ಪಾಲು ಮೂತ್ರದಲ್ಲಿ ಹೊರಟುಹೋಗುತ್ತದೆ. ಇಲ್ಲಿ ಮೂತ್ರದಲ್ಲಿ ಸಕ್ಕರೆ ಕಾಣುವುದು ಔಷಧ ಕೆಲಸ ಮಾಡುತ್ತಿರುವುದರ ಗುರುತು. ನಮ್ಮ ಭಾಷೆಯಲ್ಲಾದರೋ ಅದೇ ರೋಗದ ಹೆಸರು. ‘ಮಧುಮೇಹ’ದಲ್ಲಿರುವ ‘ಮೇಹ’ದ ಮೂಲವಾದ ‘ಮಿಹ್’ ಧಾತುವಿಗೆ ಮೂತ್ರ ಮಾಡು ಎಂಬ ಅರ್ಥವಿದೆ; ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕಸಂಹಿತೆ ಪ್ರಮೇಹದ (ಮಧುಮೇಹವೂ ಸೇರಿದ ಮೂತ್ರರೋಗಗಳ ಗುಂಪಿನ) ಮುನ್ಸೂಚನೆಗಳಲ್ಲಿ ಎಣಿಸುತ್ತದೆ; ಕನ್ನಡದಲ್ಲಿ ‘ಸಿಹಿಮೂತ್ರ ರೋಗ’ ಎಂಬ ಹೆಸರೂ ಉಂಟು.

ಈ ಗೊಂದಲವನ್ನು ಮನೆಯಲ್ಲೇ ಕಂಡಿದ್ದೇನೆ. ಮಾತ್ರೆ ಶುರುವಾಗಿ ತಿಂಗಳಾದ ಮೇಲೆ ನಮ್ಮ ಸೋದರತ್ತೆ ಲ್ಯಾಬಿನ ಚೀಟಿಯಲ್ಲಿ ‘ಯೂರಿನ್ ಶುಗರ್’ ಎದುರು ನಾಲ್ಕು ಪ್ಲಸ್ ಗುರುತು ನೋಡಿ, “ಕಾಯಿಲೆ ಉಚ್ಚೆಗೂ ಇಳಿದುಬಿಟ್ಟಿತಲ್ಲೋ” ಎಂದು ಗಾಬರಿಯಾಗಿ, ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದ್ದರು. ಅದೇ ಚೀಟಿಯಲ್ಲಿ ರಕ್ತದ ಸಕ್ಕರೆ ಮೊದಲಿಗಿಂತ ಇಳಿದಿತ್ತು.

ಹಾಗಾಗಿ ಮಾತ್ರೆಯ ಈ ಕೆಲಸವನ್ನು ಹೇಳಲು ‘ಸಿಹಿಮೂತ್ರ’ ನನಗೆ ಒಪ್ಪಿಗೆಯಿಲ್ಲ. ‘ಮೂತ್ರಶರ್ಕರೆ’ ಎಂದು ಹೊಸದಾಗಿ ಕಟ್ಟೋಣವೆಂದರೆ, ಆಯುರ್ವೇದದಲ್ಲಿ ‘ಶರ್ಕರೆ’ ಮೂತ್ರದಲ್ಲಿ ಬೀಳುವ ಮರಳಿನಂಥ ಕಲ್ಲಿಗೂ ಸಲ್ಲುವ ಮಾತು. ನಾಮಪದದ ಹಟ ಬಿಟ್ಟು, ‘ಈ ಮಾತ್ರೆ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತದೆ’ ಎಂದು ಕ್ರಿಯಾಪದದಲ್ಲೇ ಹೇಳುವುದು ಮೇಲೆಂದು ನನಗೆ ತೋರುತ್ತದೆ.

ಎರಡನೆಯದು ‘ಉರಿಮೂತ್ರ’. ಇದನ್ನು ಮೂತ್ರದ ಸೋಂಕಿಗೆ ಪರ್ಯಾಯವಾಗಿ ಬಳಸುವವರಿದ್ದಾರೆ. ಆದರೆ ಉರಿ ಒಂದು ಲಕ್ಷಣ ಮಾತ್ರ. ಕಲ್ಲಿನಿಂದಲೂ ಉರಿಯಬಹುದು, ವಯಸ್ಸಾದವರಲ್ಲಿ ಉರಿಯಿಲ್ಲದೆಯೂ ಸೋಂಕಿರಬಹುದು. ‘ಮೂತ್ರನಾಳ’ವೆಂದರೆ ಮೂತ್ರಪಿಂಡದಿಂದ ಇಳಿಯುವ ನಾಳವೋ, ಮೂತ್ರ ಹೊರಬರುವ ನಾಳವೋ ಸ್ಪಷ್ಟವಿಲ್ಲದ ಕಾರಣ ‘ಮೂತ್ರಮಾರ್ಗದ ಸೋಂಕು’ ಎಂದು ಬರೆದಿದ್ದೇನೆ.

ಈ ಮಾತ್ರೆಗಳ ವಿಷಯದಲ್ಲಿ ಇಂಥ ನಿಖರತೆ ಅಗತ್ಯ. ಇವುಗಳಿಂದ ಖಚಿತವಾಗಿ ಹೆಚ್ಚುವುದು ಜನನಾಂಗದ ಶಿಲೀಂಧ್ರ (ಫಂಗಸ್) ಸೋಂಕು. ಮೂತ್ರಮಾರ್ಗದ ತೀವ್ರ ಸೋಂಕಿನ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರ ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತಾದರೂ, ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಗಳಲ್ಲಿ ಒಟ್ಟಾರೆಯಾಗಿ ಅಂಥ ಸ್ಪಷ್ಟ ಏರಿಕೆ ಕಂಡಿಲ್ಲ. ಆದ್ದರಿಂದ ಮೊದಲನೆಯದಕ್ಕೆ ‘ಸಂಭವ ಹೆಚ್ಚು’ ಎಂದೂ, ಎರಡನೆಯದಕ್ಕೆ ‘ಎಚ್ಚರವಿರಲಿ’ ಎಂದೂ ಬರೆದಿದ್ದೇನೆ. ‘ಅಪಾಯ’ವೆಂದರೆ ಓದುವವರು ಮಾತ್ರೆಯನ್ನೇ ಬಿಟ್ಟಾರು. ನಮ್ಮ ಕಡೆ ನವೆ, ಉರಿ ಎರಡಕ್ಕೂ ‘ಉಷ್ಣ ಆಗಿದೆ’ ಎಂದು ಎಳನೀರು, ಬಾರ್ಲಿ ನೀರು ಕುಡಿದು ಕಾಯುತ್ತಾರೆ. ಚಳಿಜ್ವರವೋ ಪಕ್ಕೆನೋವೋ ಬಂದ ಮೇಲೂ ಹಾಗೆ ಕಾಯುತ್ತಾ ಕೂರಬಾರದೆಂದು ಕೈಪಿಡಿಯಲ್ಲಿ ಎದ್ದು ಕಾಣುವಂತೆ ಹಾಕಬೇಕಿದೆ.

ಜನನಾಂಗದ ನವೆ, ಬಿಳಿಯ ಪದರ, ಕೆಂಪಾಗುವಿಕೆ ಇವನ್ನು ಹೆಂಗಸರು ಸಂಕೋಚವಿಲ್ಲದೆ ವೈದ್ಯರೆದುರು ಹೇಳಿಕೊಳ್ಳಲು ನಿಮ್ಮ ಊರಿನಲ್ಲಿ ಯಾವ ಮಾತು ಬಳಸುತ್ತಾರೆ? ‘ಶಿಲೀಂಧ್ರ’ ಎಂದರೆ ನಮ್ಮತ್ತೆಗೆ ಅರ್ಥವಾಗಲಿಲ್ಲ. ‘ಬೂಷ್ಟು’ ಎಂದಾಗ ಮುಖ ಸಿಂಡರಿಸಿದರು.