ಸಹಾಯ ಬೇಕು: ಮಹೀಂದ್ರಾ ಥಾರ್ ಜೀಪಿಗೆ ದೊಡ್ಡ ಟೈರ್ ಹಾಕಿಸಿದ ಮೇಲೆ ತಿರುವಿನಲ್ಲಿ ಉಜ್ಜುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಥಾರ್ ಸಿಆರ್‌ಡಿಇ (ಡೀಸೆಲ್). ಶಿರಸಿ ಹತ್ತಿರ ನಮ್ಮ ಅಡಿಕೆ ತೋಟಕ್ಕೆ ಇಳಿಯುವ ದಾರಿ ಮಳೆಗಾಲದಲ್ಲಿ ಪೂರ್ತಿ ಕೆಂಪು ಕೆಸರು. ಅದಕ್ಕೇ 235/70 ಆರ್16 ತೆಗೆದು 245/75 ಆರ್16 ಮಡ್ ಟೈರ್ ಹಾಕಿಸಿದೆ. ಹಿಡಿತ ತುಂಬಾ ಚೆನ್ನಾಗಿದೆ. ಟೈರ್ ಎತ್ತರ ಸುಮಾರು 38 ಮಿ.ಮೀ. ಜಾಸ್ತಿಯಾಗಿ ಸ್ಪೀಡೋಮೀಟರ್ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದು ಪರವಾಗಿಲ್ಲ.

ತೊಂದರೆ ಇರೋದು ದೇವಿಮನೆ ಘಟ್ಟದ ತಿರುವುಗಳಲ್ಲಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಎಡಗಡೆ ಮುಂದಿನ ಟೈರ್ ಒಳಗೆ ಚಾಸಿಸ್‌ಗೆ ಉಜ್ಜುತ್ತದೆ. ಅಲ್ಲಿ ಅಂಗೈ ಅಗಲ ಪೇಂಟ್ ಹೋಗಿ ಕಬ್ಬಿಣ ಹೊಳೆಯುತ್ತಿದೆ. ಅಲೈನ್‌ಮೆಂಟ್ ಮಾಡಿಸಿದೆ, ಪ್ರಯೋಜನವಾಗಲಿಲ್ಲ. ಚಕ್ರ ಎಷ್ಟು ತಿರುಗಬಹುದು ಅಂತ ತಡೆಯುವ ಸ್ಟೀರಿಂಗ್ ಸ್ಟಾಪರ್ ಬೋಲ್ಟ್ ಸ್ವಲ್ಪ ಹೊರಗೆ ತೆಗೆಸಿದೆ. ಉಜ್ಜೋದು ಕಡಿಮೆಯಾಯಿತು, ಆದರೆ ತೋಟದ ದಾರಿಯಲ್ಲಿ ಗಾಡಿ ಒಂದೇ ಸಲಕ್ಕೆ ತಿರುಗುತ್ತಿಲ್ಲ.

ಒಬ್ಬ ಮೆಕ್ಯಾನಿಕ್ ಟಾರ್ಷನ್ ಬಾರ್ (ಮುಂದಿನ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ಕೆಲಸ ಮಾಡುವ ಸರಳು) ಬಿಗಿ ಮಾಡಿ ಮುಂದೆ ಎತ್ತರಿಸೋಣ ಅಂತಾರೆ. ಇನ್ನೊಬ್ಬರು ವೀಲ್ ಸ್ಪೇಸರ್ (ಚಕ್ರವನ್ನು ಹೊರಗೆ ತಳ್ಳಲು ಹಬ್‌ಗೂ ರಿಮ್‌ಗೂ ನಡುವೆ ಹಾಕುವ ಬಿಲ್ಲೆ) ಹಾಕಿಸಿ ಅಂತಾರೆ. ಎತ್ತರಿಸಿದರೆ ಫೆಂಡರ್ ಹತ್ತಿರ ಜಾಗ ಸಿಗುತ್ತದೆ, ಸರಿ. ಒಳಗೆ ಚಾಸಿಸ್‌ಗೆ ತಾಗೋದು ಹೇಗೆ ನಿಲ್ಲುತ್ತದೆ? ಜೊತೆಗೆ ಆಕ್ಸಲ್ ವಾಲಿ ಅದರ ಕೀಲಿನ ರಬ್ಬರ್ ಬೂಟ್ (ಕವಚ) ಬೇಗ ಹರಿಯುತ್ತದೆ ಅಲ್ವಾ? ಸ್ಪೇಸರ್ ಹಾಕಿದರೆ ಬೇರಿಂಗ್ ಮೇಲೆ ಭಾರ ಜಾಸ್ತಿ.

ಇದೇ ಗಾಡಿಗೆ ಇದೇ ಸೈಜ್ ಹಾಕಿ ಘಟ್ಟದಲ್ಲಿ ಓಡಿಸುತ್ತಿರುವವರು ದಯವಿಟ್ಟು ಹೇಳಿ: ಸ್ಪೇಸರ್ ಸಾಕಾ, ಎಷ್ಟು ಮಿ.ಮೀ. ಹಾಕಿದ್ದೀರಿ? ಅಥವಾ ಆಫ್‌ಸೆಟ್ ಬೇರೆ ಇರುವ, ಅಂದರೆ ಚಕ್ರ ಇನ್ನೂ ಹೊರಗೆ ಕೂರುವ ರಿಮ್ಮೇ ತಗೋಬೇಕಾ?